ತಂಗಿಗೆ ಹೇಳಿದ ಮಾತು

ಪಾಡ್‌ಕಾಸ್ಟ್ ಶುರು ಮಾಡಿದಾಗ ನನಗಿದ್ದ ಆಸೆ ಒಂದೇ: ನಮ್ಮ ಹೊಸಪೇಟೆ ಸುತ್ತಿನ ಸಾಮಾನ್ಯ ಜನರ ಮಾತನ್ನು ನಾಲ್ಕು ಮಂದಿ ಕೇಳಬೇಕು. ಬ್ಯಾಂಕಿನ ಕೆಲಸ ಮುಗಿಸಿ ಬಂದು, ಹೊರಗಿನ ಸದ್ದು ಬರದಂತೆ ಹಿಂದಿನ ಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಫ್ಯಾನು ಆರಿಸಿ, ಬೆವರುತ್ತ ಕೂರುತ್ತಿದ್ದೆ. "ಆತ್ಮೀಯ ಶ್ರೋತೃಗಳೇ" ಎನ್ನುವಾಗ ದನಿಯನ್ನು ಸ್ವಲ್ಪ ದಪ್ಪ ಮಾಡಿಕೊಳ್ಳುತ್ತಿದ್ದೆ. ಆದರೂ ಕೇಳುವವರು ಬೆರಳೆಣಿಕೆಯಷ್ಟು. ಅವರಲ್ಲೂ ಹೆಚ್ಚಿನವರು ನೆಂಟರು.

ಒಂದು ಭಾನುವಾರ ಸಂಡೂರಿಗೆ ಹೋಗಿ ನಿವೃತ್ತ ಬಸ್ ಡ್ರೈವರ್ ಒಬ್ಬರನ್ನು ಮಾತಾಡಿಸಿದೆ. ಹೆರಿಗೆ ನೋವು ಬಂದ ಹೆಂಗಸನ್ನು ಅದಿರು ಲಾರಿಗಳ ಸಾಲು ದಾಟಿಸಿ, ಬಸ್ಸಿನಲ್ಲೇ ಆಸ್ಪತ್ರೆಗೆ ಮುಟ್ಟಿಸಿದ ಕಥೆಯನ್ನು ಅವರು ಸೊಗಸಾಗಿ ಹೇಳಿದರು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಮುಕ್ತಾಯದ ಮಾತು ರೆಕಾರ್ಡ್ ಮಾಡುವಾಗ ಕಂಪ್ಲಿಯಿಂದ ತಂಗಿಯ ಫೋನು ಬಂತು. ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಅವಳ ಜೊತೆ ಮಾತಿಗೆ ಕೂತೆ. ಆಮೇಲೆ ಕೊನೆಯ ಭಾಗ ಕೇಳಿ ನೋಡದೆ ಅಪ್‌ಲೋಡ್ ಮಾಡಿದೆ. ಡ್ರೈವರಿಗೂ ಆ ಆಡಿಯೋ ಫೈಲನ್ನೇ ವಾಟ್ಸಾಪಿನಲ್ಲಿ ಕಳಿಸಿದೆ.

ಮರುದಿನ ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನವಳು ಮೆಲ್ಲಗೆ ಕೇಳಿದಳು: "ಕೊನಿಗೆ ನಿಮ್ಮ ತಂಗಿ ಜೋಡಿ ಮಾತಾಡಿದ್ದು ಬೇಕಂತ ಇಟ್ಟೀರೇನ್ರಿ?"

ಟಾಯ್ಲೆಟ್ಟಿಗೆ ಹೋಗಿ ಇಯರ್‌ಫೋನ್ ಹಾಕಿಕೊಂಡೆ. ನನ್ನದೇ ದನಿ, ಅಳು ಬಂದ ಹಾಗಿತ್ತು. "ಯಾರೂ ಕೇಳವಲ್ರು ಲೇ. ನಿಮ್ಮತ್ತಿ ಫೋನ್ನ್ಯಾಗೂ ಹಚ್ಚಿ ಇಟ್ಟುಬಿಡು, ಅವರು ಕೇಳದಿದ್ರೂ ಅಡ್ಡಿಯಿಲ್ಲ, ಲೆಕ್ಕಕ್ಕ ಒಂದು ಸೇರ್ತದ. ಮನ್ಯಾಗ ಗಂಡಾನೇ ಕೇಳಲ್ಲ, ಮಂದಿ ಯಾಕ ಕೇಳ್ತಾರ?"

ಅಲ್ಲೇ ನಿಂತು ಆ ಸಂಚಿಕೆಯನ್ನೇ ಅಳಿಸಿದೆ. ಸಂಜೆ ಡ್ರೈವರ್ ಫೋನ್ ಮಾಡಿದರು.

"ಅಕ್ಕಾರ, ನಿಮ್ಮ ಸಂಕಟ ಕೇಳಿ ಭಾಳ ಕೆಟ್ಟ ಅನಿಸ್ತು. ನಮ್ಮ ಡಿಪೋದ ಗುಂಪಿಗೆಲ್ಲ ಕಳಿಸೀನಿ. ಪಾಪ, ಹೆಣ್ಮಗಳು ಕಷ್ಟಪಡ್ತಾಳ, ಎಲ್ಲಾರೂ ಕೇಳ್ರಿ ಅಂತ ಹೇಳೀನಿ."

ಅಷ್ಟು ಅಕ್ಕರೆಯಿಂದ ಹೇಳಿದವರಿಗೆ ಬ್ಯಾಡ ಅನ್ನಲು ಬಾಯಿ ಬರಲಿಲ್ಲ. ಜನ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ; ಅಯ್ಯೋ ಪಾಪ ಅಂದದ್ದು ತಡೆಯಲಾಗಲಿಲ್ಲ.

ಊಟಕ್ಕೆ ಕೂತಾಗ ಗಂಡ ತಲೆ ಎತ್ತದೆ ಹೇಳಿದ: "ಮೊದ್ಲಿಗೆ ಒಂದು ಕೇಳಿದ್ದೆ. ಅದರಾಗ ನೀನು ಮಾತಾಡಿದಂಗ ಇರ್ಲಿಲ್ಲ, ಬಿಟ್ಟೆ. ನಿನ್ನೆ ಹಾಕಿದ್ದು ಪೂರ್ತಿ ಕೇಳಿದೆ."

ಅಂದರೆ ಅವನ ಬಗ್ಗೆ ನಾನು ತಂಗಿಗೆ ಅಂದದ್ದನ್ನೂ ಕೇಳಿದ್ದಾನೆ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಕೊನೆಯ ಭಾಗ ಕತ್ತರಿಸಿ ಡ್ರೈವರ ಮಾತನ್ನು ಮತ್ತೆ ಹಾಕಿದೆ. ಡಿಪೋದ ಗುಂಪಿನಿಂದ ಹಬ್ಬಿ ಹೊಸ ಕೇಳುಗರು ಬಂದೇ ಬಂದರು, ಎಮ್ಮಿಗನೂರಿನಿಂದ ಕೂಡ. "ಆ ಫೋನಿನ ಮಾತು ಎಲ್ಲಿ ಹೋತ್ರಿ?" ಎಂದು ಬರೆದರು. ಆಸೆಪಟ್ಟದ್ದು ಸಿಕ್ಕಿತ್ತು, ಸಿಕ್ಕ ದಾರಿ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು. "ಆತ್ಮೀಯ ಶ್ರೋತೃಗಳೇ" ಬಿಟ್ಟೆ. ಮನೆಯಲ್ಲಿ ಆಡುವ ಹಾಗೇ ಮಾತಾಡತೊಡಗಿದೆ. ಬಂದವರು ಉಳಿದರು.

ಈಚೆಗೆ ಕಂಪ್ಲಿಯ ಒಂದು ಕಾಲೇಜಿನವರು ಪಾಡ್‌ಕಾಸ್ಟ್ ಬೆಳೆಸುವುದು ಹೇಗೆಂದು ಹೇಳಲು ಕರೆದಿದ್ದರು. ಮೈಕು ಎಂಥದು ಕೊಳ್ಳಬೇಕು, ಎಷ್ಟು ಹೊತ್ತು ಮಾತಾಡಬೇಕು ಎಂದೆಲ್ಲ ಹೇಳಿದೆ. ಒಬ್ಬ ವಿದ್ಯಾರ್ಥಿನಿ ಎದ್ದು, "ಮೊದಲು ಕೇಳುಗರು ಹೆಂಗ ಬಂದ್ರು ಮೇಡಂ?" ಎಂದಳು.

"ಸತತ ಪ್ರಯತ್ನದಿಂದ" ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಯಾತಕ್ಕೆ ನಕ್ಕರೋ ಗೊತ್ತಿಲ್ಲ. ನನ್ನ ಕಿವಿ ಬಿಸಿಯಾದವು, ಮುಂದೆ ಏನು ಹೇಳಬೇಕೆಂದಿದ್ದೆನೋ ಮರೆತೇಹೋಯಿತು.