ಡೀನ್ ಬಿಚ್ಚದ ಪೆಟ್ಟಿಗೆಗಳು

ಹೊಸ ರಟ್ಟಿನ ಪೆಟ್ಟಿಗೆಯ ವಾಸನೆ ಬಡಿದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಕೊರಿಯರ್‌ನವನು ಮಿಕ್ಸಿ ತಂದುಕೊಟ್ಟಾಗಲೂ ಎದ್ದು ಮನೆಯೊಳಗೆ ನಾಲ್ಕು ಸುತ್ತು ಹಾಕಿದೆ. ಇದಕ್ಕೆ ಹದಿನೆಂಟನೇ ಶತಮಾನದ ಒಬ್ಬ ಇಂಗ್ಲಿಷ್ ಪಾದ್ರಿ ಕಾರಣ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ಎಂಬತ್ತರ ದಶಕದ ಆರಂಭ. ಕುವೈತಿನ ಹವಲ್ಲಿಯಲ್ಲಿ ನಾನೂ ಉಡುಪಿ ಕಡೆಯ ಭೋಜಣ್ಣನೂ ಒಂದೇ ಕೋಣೆಯಲ್ಲಿದ್ದೆವು. ನನ್ನ ಹೆಂಡತಿ, ಎರಡು ವರ್ಷದ ಮಗ ಮೈಸೂರಿನಲ್ಲಿ. ಬಡ್ತಿ ಸಿಕ್ಕರೆ ಫ್ಯಾಮಿಲಿ ವೀಸಾ. ಆ ಬಡ್ತಿ ಇವತ್ತು ಬಂತು, ನಾಳೆ ಬಂತು ಅನ್ನುವ ಹಾಗಿತ್ತು. ರಜೆ ಹಾಕಿದರೆ ಎಲ್ಲಿ ತಪ್ಪಿಹೋದೀತೋ ಎಂದು ಊರಿಗೂ ಹೋಗದೆ, ಬಟ್ಟೆಯನ್ನೂ ಸೂಟ್‌ಕೇಸಿನಿಂದ ಹೊರಗಿಡದೆ, ಬಾಡಿಗೆ ಮನೆ ನೋಡಿಕೊಂಡು ತಿರುಗುತ್ತಿದ್ದೆ. ಮಗನಿಗೆಂದು ಕೊಂಡ ಕೆಂಪು ಮೂರು ಚಕ್ರದ ಸೈಕಲ್ಲು ಪೆಟ್ಟಿಗೆಯಲ್ಲೇ ಮಂಚದಡಿ ಇತ್ತು.

ರಜೆಗೆ ಹೊರಟವರ ಕೈಲಿ ಮನೆಗೆ ಸಾಮಾನು ಕಳಿಸುವುದು ಅಲ್ಲಿಯ ರೂಢಿ. ಭೋಜಣ್ಣ ಹೊರಟಾಗ ಕೇಳಿದರು: “ಆ ಸೈಕಲ್ಲು ಕೊಡಿ ಮಾರಾಯ್ರೆ, ಮೈಸೂರು ಬಸ್ಸಿಗೆ ಹಾಕ್ತೇನೆ. ಮಗು ಆಡ್ಲಿ.”

“ಬೇಡ ಬಿಡಿ, ಅವನೇ ಇಲ್ಲಿಗೆ ಬರ್ತಾನಲ್ಲ!”

ಎರಡು ವರ್ಷ ಬಿಟ್ಟು ಮತ್ತೆ ಹೊರಟರು, ಮತ್ತೆ ಕೇಳಿದರು. ನನ್ನದು ಅದೇ ಉತ್ತರ.

ಭೋಜಣ್ಣನಿಗೆ ಓದುವ ಹುಚ್ಚು. ಯಾರೋ ಸಾಹೇಬ ಶುವೈಖ್ ಬಂದರಿನ ಆಫೀಸಿನಲ್ಲಿ ಬಿಟ್ಟುಹೋದ ಹಳೆಯ ಪುಸ್ತಕವೊಂದನ್ನು ತಂದು, ಒಂದು ಶುಕ್ರವಾರ ಬಂಗುಡೆ ಹುರಿಯುತ್ತಾ ಕಥೆ ಹೇಳಿದರು.

“ಇದ್ರಲ್ಲಿ ಒಬ್ಬ ಇಂಗ್ಲಿಷ್ ಪಾದ್ರಿ. ದೊಡ್ಡ ಇಗರ್ಜಿಯ, ಅಂದ್ರೆ ಚರ್ಚಿನ, ಯಜಮಾನಿಕೆ ಇವನದ್ದು, ಡೀನ್ ಅಂತೆ. ಆದ್ರೆ ಇವನಿಗೆ ಅದಕ್ಕೂ ಮೇಲೆ ಬಿಷಪ್ ಆಗ್ಬೇಕು. ಆ ಹುದ್ದೆ ಕೊಡಿಸುವ ಮಂತ್ರಿಗಳಿಗೆ ಕಾಗದ ಬರೆದದ್ದೇ ಬರೆದದ್ದು. ಇಗರ್ಜಿಯ ಮಾಡು ಸೋರಿದ್ರೂ ಲಕ್ಷ್ಯ ಇಲ್ಲ. ತಂದ ಪುಸ್ತಕದ ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ ಮಾರಾಯ್ರೆ, ಬಿಷಪ್ಪರ ಅರಮನೆಯಲ್ಲೇ ಬಿಚ್ಚುವುದಂತೆ! ಇಪ್ಪತ್ತಾರು ವರ್ಷ. ಸತ್ತ ಮೇಲೆ ತೆಗೆದು ನೋಡಿದ್ರೆ ಎಲ್ಲ ಹುಳ ತಿಂದಿತ್ತು.”

“ಎಂಥಾ ಪೆದ್ದ ರೀ!” ಎಂದು ಹೊಟ್ಟೆ ಹಿಡಿದು ನಕ್ಕೆ.

ಭೋಜಣ್ಣ ನಗಲಿಲ್ಲ. ಮೀನು ಮಗುಚಿ ಹಾಕುತ್ತಾ ಕೇಳಿದರು: “ನಿಮ್ಮ ಮಗನಿಗೆ ಈಗ ಎಷ್ಟಾಯ್ತು?”

ಆರು. ಮಂಚದಡಿಯ ಪೆಟ್ಟಿಗೆಯ ಕಡೆ ನೋಡಿದೆ.

ಮರುದಿನವೇ ರಜೆಗೆ ಬರೆದುಕೊಟ್ಟೆ. ಮ್ಯಾನೇಜರ್ ಕಾಗದದಿಂದ ತಲೆ ಎತ್ತದೆ, “ಯಲ್ಲಾ, ಹೋಗು. ಪ್ರಮೋಷನ್ ಖಲಾಸ್,” ಎಂದ. ಸೈಕಲ್ಲು ಹೊತ್ತು ಮೈಸೂರಿಗೆ ಬಂದೆ. ಮಗ ನನ್ನನ್ನು ಅಪರಿಚಿತನಂತೆ ನೋಡಿ, ಸೈಕಲ್ ಹತ್ತಿ ಕೂತ. ಮಂಡಿ ಹ್ಯಾಂಡಲ್ಲಿಗೆ ತಾಗಿತು. ಇಳಿದು, ಪಕ್ಕದ ಮನೆಯ ಮಗುವನ್ನು ಕೂರಿಸಿ ತಳ್ಳಿಕೊಂಡು ಹೋದ.

ನಲವತ್ತು ದಾಟಿದ ಅದೇ ಮಗನನ್ನು ನಿನ್ನೆ ಧೈರ್ಯ ಮಾಡಿ ಕೇಳಿದೆ: “ಆ ಕೆಂಪು ಸೈಕಲ್ಲು ನೆನಪಿದೆಯೇನೋ?”

“ಪಕ್ಕದ್ಮನೆ ಪಾಪುದಾ? ಚೆನ್ನಾಗಿ ನೆನಪಿದೆ ಅಪ್ಪ. ನಾನೇ ತಳ್ತಿದ್ದೆ.”

ನಿಂದು ಕಣೋ ಅದು ಎನ್ನುವ ಹಕ್ಕು ನನಗಿದೆ ಅನ್ನಿಸಲಿಲ್ಲ.

“ಹೂಂ, ಅವನದೇ,” ಅಂದೆ.