ದೀಪ ಹಚ್ಚುವವರು

ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿ ರಷ್ಯಾದ ಮುದುಕಿಯೊಬ್ಬರಿದ್ದಾರೆ. ಧಾರವಾಡದಿಂದ ಬಂದ ನನ್ನ ಅವ್ವ ದಿನಾ ಸಂಜೆ ಪಾರ್ಕಿಂಗಿನ ಪಕ್ಕದ ಬೆಂಚಿನ ಮೇಲೆ ಅವರೊಂದಿಗೆ ಕೂರುತ್ತಾಳೆ. ಇವಳ ಕನ್ನಡ ಅವರಿಗೆ, ಅವರ ಇಂಗ್ಲಿಷು ಇವಳಿಗೆ ದಾಟಿಸುವ ಪೀಡೆ, ಆಫೀಸಿನಿಂದ ದಣಿದು ಬಂದ ನನ್ನದು.

ಅವತ್ತು ಆ ಮುದುಕಿ ತಮ್ಮ ಹಳ್ಳಿಯ ಕಥೆ ಹೇಳಿದರು. ಅಲ್ಲಿದ್ದದ್ದು ಜಮೀನ್ದಾರನ ದೊಡ್ಡ ಬಂಗಲೆ, ಸುತ್ತ ಅವನ ಹೊಲದಲ್ಲಿ ದುಡಿಯುವವರ ಮನೆಗಳು, ಅಷ್ಟೆ. ಕ್ರಾಂತಿಯಾದಾಗ ಅವನು ಓಡಿಹೋದ. ಬಂಗಲೆ ಶಾಲೆಯಾಯಿತು, ಮುದುಕಿ ಅಕ್ಷರ ಕಲಿತದ್ದು ಅಲ್ಲೇ. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ಊರಿನವರು ಅದರ ಇಟ್ಟಿಗೆ ಕಿತ್ತು ಒಲೆ ಕಟ್ಟಿಕೊಂಡರು. ಆಮೇಲೆ ಅವರೂ ಒಬ್ಬೊಬ್ಬರಾಗಿ ಪಟ್ಟಣ ಸೇರಿದರು.

ಅವ್ವ ಲೊಚಗುಟ್ಟಿದಳು. "ಈಗ ಊರಾಗ ದೀಪ ಹಚ್ಚೋರು ಯಾರರೆ ಅದಾರೇನ, ಕೇಳು."

ಯಾರಾದರೂ ಉಳಿದಿದ್ದಾರೆಯೇ ಎಂದು ಅವಳ ಪ್ರಶ್ನೆ. ನಾನು ಬೇಸರದಲ್ಲಿ ದೀಪದ ಮಾತನ್ನೇ ಇದ್ದ ಹಾಗೆ ಇಂಗ್ಲಿಷಿಗೆ ಎತ್ತಿ ಹಾಕಿದೆ.

"ದೀಪ ದಿನಾ ಹತ್ತುತ್ತದೆ" ಎಂದರು ಅವರು.

"ಸದ್ಯ! ಒಂದರೆ ಮನಿ ಉಳದೈತಲ್ಲ" ಎಂದಳು ಅವ್ವ.

ಅದನ್ನೂ ದಾಟಿಸಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. "ಮನೆ ಎಲ್ಲಿದೆ? ಅದು ಬೀದಿ ಕಂಬದ ದೀಪ. ಕತ್ತಲಾದರೆ ತಾನೇ ಹತ್ತುತ್ತದೆ. ಆರಿಸುವವರೂ ಇಲ್ಲ."

ಅವ್ವನಿಗೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಪಾರ್ಕಿಂಗಿನ ದೀಪ ತಾನೇ ಹತ್ತಿಕೊಂಡಿತು. ಮುಸ್ಸಂಜೆ ಯಾವ ದೀಪ ಹತ್ತಿದರೂ ಕೈ ಮುಗಿಯುವ ಅವ್ವ, ಅದನ್ನೇ ನೋಡುತ್ತ ಕುಳಿತಿದ್ದಳು; ಕೈ ಮುಗಿಯಲಿಲ್ಲ.