ಕಣದ ಬಾಣಂತನ

ಚಿನ್ನೂ, ಪುಟ್ಟಾ,

ಮೊನ್ನೆ ನೀವು ಪಾಠ ಓದುವುದನ್ನು ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಸಿಮೆಂಟಿಗಾಗಿ ಸುಣ್ಣದ ಕಲ್ಲು ಸುಟ್ಟಾಗ ಇಂಗಾಲದ ಅನಿಲ ಹೊರಟು ಭೂಮಿ ಬಿಸಿಯಾಗುತ್ತದೆ, ಕಲ್ಲಿದ್ದಲ ಬೂದಿ ಬೆರೆಸಿದರೆ ಅಷ್ಟು ಕಲ್ಲು ಸುಡುವುದು ತಪ್ಪುತ್ತದೆ ಎಂದು ಅದರಲ್ಲಿತ್ತು. ಅಜ್ಜ ಅಂಥ ಸಿಮೆಂಟು ಹಾಕಿದ್ದನೇ ಎಂದು ಪುಟ್ಟ ಕೇಳಿದ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇದೆ, ಬರೆಯುತ್ತೇನೆ.

ಸುಟ್ಟರೆ ಕಲ್ಲಿನಿಂದ ಏನೋ ಹೋಗುತ್ತದೆ ಎಂಬುದು ನನಗೆ ಹೊಸದಲ್ಲ. ನನ್ನ ತವರಿನಲ್ಲಿ ಸುಣ್ಣದ ಭಟ್ಟಿ ಇತ್ತು. ಒಳಗೆ ತುಂಬುವಾಗ ಬುಟ್ಟಿ ಕುತ್ತಿಗೆ ಮುರಿಯುವಷ್ಟು ಭಾರ. ಸುಟ್ಟು ತೆಗೆದಾಗ ಅದೇ ಬುಟ್ಟಿ ಹಗುರ. ಆ ಭಾರ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಹಗುರಾಯಿತಲ್ಲ, ಅಷ್ಟೇ ಸಾಕಾಗಿತ್ತು.

ನಿಮ್ಮಜ್ಜ ಬನವಾಸಿ ಕಡೆಯ ಗೌಂಡಿ, ಗಾರೆ ಕೆಲಸದವರು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮೂರಿನ ಯಜಮಾನರೊಬ್ಬರು ಭತ್ತದ ರಾಶಿ ಮಾಡಲು ಅವರ ಕೈಲಿ ಸಿಮೆಂಟಿನ ಕಣ ಹಾಕಿಸಿದರು. ಶಿರಸಿಯ ಅಂಗಡಿಯಿಂದ ಬಂದ ಸಿಮೆಂಟು ಹೊಸ ನಮೂನೆಯದು, ಬಣ್ಣ ಸ್ವಲ್ಪ ಕಪ್ಪು. ಕರೆಂಟು ತಯಾರಿಸುವ ಕಾರ್ಖಾನೆಯ ಬೂದಿ ಬೆರೆತದ್ದು, ನಿಧಾನವಾಗಿ ಗಟ್ಟಿಯಾಗುತ್ತದೆ, ಹೆಚ್ಚು ದಿನ ನೀರುಣಿಸಬೇಕು ಎಂದು ಅಂಗಡಿಯವರು ಹೇಳಿ ಕಳಿಸಿದ್ದರು.

ಕಣ ಹಾಕಿದ ಮರುದಿನ ಯಜಮಾನರು ಮೊಳೆಯಿಂದ ಗೀರಿದರು. ಗೆರೆ ಬಿತ್ತು.

"ಏನ್ ಮೇಸ್ತ್ರಿ, ನಿಮ್ಮನಿ ಒಲಿ ಬೂದಿನೂ ತಂದು ಸುರುವಿಯೇನು?"

"ಬೂದಿ ನಾ ಹಾಕಿಲ್ರಿ ಯಜಮಾನ್ರ. ಕಂಪನ್ಯಾರ ಹಾಕ್ಯಾರ."

"ಹಾಲಿಗೆ ನೀರು ಬೆರಸಾವ್ರೂ ಹಿಂಗ ಅಂತಾರ. ಎಮ್ಮಿನ ಬೆರಸೇತಿ ಅಂತ."

ಸುತ್ತ ನಿಂತವರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ಮೇಸ್ತ್ರಿ ಕಲಬೆರಕೆ ಮಾಡಿದ ಎಂಬ ಮಾತು ಬಾವಿಕಟ್ಟೆಗೆ ಬಂದಿತ್ತು. ಕೊನೆಗೆ ಯಜಮಾನರು ಒಂದು ಮಾತು ಹೇಳಿದರು. ಸುಗ್ಗಿಯಲ್ಲಿ ತೆನೆಯ ಮೇಲೆ ಎತ್ತು ಎಳೆಯುವ ರೋಣಗಲ್ಲು ಉರುಳಿದಾಗ ಕಣ ತಡೆದರೆ ಮುಂದೆ ಕಟ್ಟಿಸುವ ಮನೆಯ ಕೆಲಸ ನಿನ್ನದು. ಒಡೆದರೆ ನನ್ನ ಬಾಗಿಲಿಗೆ ಬರಬೇಡ. ಅವರ ಬಾಗಿಲು ಮುಚ್ಚಿದರೆ ಊರಿನ ಉಳಿದ ಬಾಗಿಲುಗಳೂ ಮುಚ್ಚಿದ ಹಾಗೆಯೇ.

ನಿಮ್ಮಜ್ಜ ಅದಕ್ಕೂ ಮೊದಲೇ ಯಲ್ಲಾಪುರದ ಆಚೆ, ಮಾಗೋಡಿನ ದಾರಿಯಲ್ಲಿ ಮೋರಿ ಕಟ್ಟಲು ಒಪ್ಪಿಕೊಂಡಿದ್ದರು. ಹೊರಡುವಾಗ ಗಾರೆ ಮೆತ್ತುವ ಕರಣಿಯನ್ನು ಚೀಲಕ್ಕೆ ಹಾಕುತ್ತ ಇಷ್ಟೇ ಹೇಳಿದರು: "ಒಣಗಾಕ ಬಿಡಬ್ಯಾಡ. ಒಣಗಿದ್ರ ಬಿರೀತೈತಿ. ಬಿರಿದ್ರ ನನ್ನ ಕರಣಿ ಮೂಲಿಗೆ."

ಯಜಮಾನರ ಆಳುಗಳು ರೂಢಿಯಂತೆ ಒಂದು ವಾರ ನೀರು ಹಾಕಿದರು. ಆಮೇಲೆ ಕೊಯ್ಲು ಶುರುವಾಗಿ ಎಲ್ಲರೂ ಗದ್ದೆಗೆ ಹೋದರು. ಕಣ ಬಿಸಿಲಿಗೆ ಬಿತ್ತು.

ನಾನು ಇನ್ನೊಬ್ಬರ ಅಂಗಳಕ್ಕೆ ಕರೆಯದೆ ಕಾಲಿಟ್ಟವಳಲ್ಲ. ಸೆರಗು ಎಳೆದುಕೊಂಡು ಅವರ ಹಿತ್ತಿಲ ಬಾವಿಯಿಂದ ಕೊಡ ಹೊತ್ತು ಸುರಿದೆ. ನೀರು ನಿಲ್ಲಲಿ ಎಂದು ಹುಲ್ಲು ಹರವಿ ನೆನೆಸಿದರೆ, ಬೆಳಗಾಗುವಷ್ಟರಲ್ಲಿ ಅವರದೇ ದನ ಬಂದು ತಿಂದು ಮುಗಿಸುತ್ತಿದ್ದವು. ಮತ್ತೆ ಹುಲ್ಲು, ಮತ್ತೆ ದನ. ಸೊಂಟ ಸೋತು ಹೋಯಿತು. ಗೋಣಿಚೀಲ ಕೇಳೋಣವೆಂದರೆ ಭತ್ತ ತುಂಬುವ ಕಾಲ, ಯಾರೂ ಕೊಡುವುದಿಲ್ಲ.

ಯಜಮಾನರ ತಾಯಿ ಜಗುಲಿಯಲ್ಲಿ ಕೂತು ದಿನವೂ ನೋಡುತ್ತಿದ್ದರು.

"ಎಲ್ಲಾರೂ ಬಾಣಂತಿಗೆ ನೀರು ಹಾಕಿದ್ರ ನೀ ಕಣಕ್ಕ ಬಾಣಂತನ ಮಾಡಾಕತ್ತೀಯಲ್ಲಬೇ. ಗಂಡೋ ಹೆಣ್ಣೋ?"

"ಇನ್ನಾ ಕಣ್ಣು ಬಿಟ್ಟಿಲ್ರಿ ಅಮ್ಮಾರ," ಎಂದೆ. ಅದು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಮನೆಗೆ ಬರುವವರೆಗೂ ಕಿವಿ ಬಿಸಿಯಾಗಿತ್ತು.

ನಡುವಿನ ಒಂದು ಜಾಗ ಎಷ್ಟು ಸುರಿದರೂ ಬೆಳ್ಳಗೆ ಒಣಗುತ್ತಿತ್ತು. ಕಡೆಗೆ ಮನೆಯಲ್ಲಿದ್ದ ಒಂದೇ ಕೌದಿಯನ್ನು ತಂದು ನೆನೆಸಿ ಅಲ್ಲಿ ಹಾಸಿದೆ. ನಿಮ್ಮಪ್ಪ ಹುಟ್ಟಿದಾಗ ಹೊಲಿದ ಕೌದಿ ಅದು. ಜಗುಲಿಯಿಂದ ಯಜಮಾನರ ಅಮ್ಮ ಅದನ್ನು ನೋಡಿದರು. ಆ ದಿನ ಚೇಷ್ಟೆ ಮಾಡಲಿಲ್ಲ. "ಆ ದನಾ ಕಟ್ಟಿ ಹಾಕ್ರಿ," ಎಂದು ಒಳಗೆ ಕೂಗಿ ಹೇಳಿದರು. ಮರುದಿನದಿಂದ ಹುಲ್ಲು ಉಳಿಯಿತು. ನಾನು ಮಾತ್ರ ಆ ಚಳಿಯಲ್ಲಿ ಹಳೆಯ ಸೀರೆ ಹೊದ್ದು ಮಲಗಿದೆ.

ರಾಶಿಯ ಹಿಂದಿನ ಸಂಜೆ ನಿಮ್ಮಜ್ಜ ಬಂದರು, ಕಣದ ಮೇಲೆ ಬರಿಗಾಲಲ್ಲಿ ನಡೆದು ನೋಡಿದರು. ಬೆಳಿಗ್ಗೆ ಎತ್ತು ಹೂಡುವ ಮೊದಲು ಅಮ್ಮ ಕೋಲೂರಿಕೊಂಡು ಬಂದು, ಕುಡುಗೋಲಿನ ತುದಿಯಿಂದ ತಾವೇ ಗೀರಿದರು. ಬೆರಳಿಂದ ಒರೆಸಿ ನೋಡಿದರು. ಗೆರೆ ಇರಲಿಲ್ಲ.

"ಬಾಣಂತಿ ಎದ್ದಾಳ. ಕಲ್ಲು ಹೂಡ್ರಿ."

ಮಧ್ಯಾಹ್ನದವರೆಗೆ ರೋಣಗಲ್ಲು ತಿರುಗಿತು. ಕಣ ಬಿರಿಯಲಿಲ್ಲ. ಯಜಮಾನರು ತಪ್ಪಾಯಿತು ಎನ್ನಲಿಲ್ಲ. "ಮನಿಗೂ ಅದ ಬೂದಿ ಸಿಮೆಂಟ ತರಸು," ಎಂದರು, ಅಷ್ಟೇ. ನಿಮ್ಮಜ್ಜ ಹೂಂ ಎಂದರು. ನಾನು ಕೌದಿ ಹಿಂಡಿ ಬೇಲಿಯ ಮೇಲೆ ಹಾಕಿದೆ. ಒಣಗಿದ ಮೇಲೂ ಅದು ಮೊದಲಿನಷ್ಟು ಮೆತ್ತಗಾಗಲಿಲ್ಲ.

ಆಮೇಲೆ ಬಂದ ಚೀಲಗಳೆಲ್ಲ ಅಂಥವೇ. ಬೂದಿಯ ಮಾತನ್ನು ಯಾರೂ ಎತ್ತಲಿಲ್ಲ. ನಿಮ್ಮಜ್ಜ ಉಸಿರು ನಿಲ್ಲುವವರೆಗೆ ಆ ಕರಣಿ ಹಿಡಿದೇ ದುಡಿದರು. ಪುಟ್ಟಾ, ಭೂಮಿ ಬಿಸಿಯಾಗಬಾರದೆಂದು ನಾವು ಏನನ್ನೂ ಮಾಡಲಿಲ್ಲ. ಕರಣಿ ಮೂಲೆ ಸೇರಬಾರದೆಂದು ನೀರು ಹೊತ್ತೆ. ಅದರಿಂದ ಭೂಮಿಗೂ ಒಂದಿಷ್ಟು ಹಗುರಾಗಿದ್ದರೆ ಆಗಲಿ.

ಅಜ್ಜನ ಕರಣಿ ಇರುವ ತಗಡಿನ ಪೆಟ್ಟಿಗೆಯಲ್ಲೇ ಈ ಹಾಳೆಗಳನ್ನೂ ಇಟ್ಟುಕೊಳ್ಳಿ. ಇವಕ್ಕೆ ಮಾತ್ರ ನೀರು ತಾಗಿಸಬೇಡಿ.